ಮಾಗಡಿ ಬಂಗಲೆಯ ಬಿಸಿನೀರು

ಬೆಳಿಗ್ಗೆ ಸೊಸೆ ಬಚ್ಚಲ ಒಲೆ ಹಚ್ಚಿದಳು. ಹೊಗೆ ಹಿಡಿದ ಬಿಸಿನೀರಿನ ವಾಸನೆ ಹಜಾರದವರೆಗೂ ಬಂತು. ನಿಮಗಾದರೆ ಸ್ನಾನದ ಹೊತ್ತಾಯಿತು ಅನ್ನಿಸುತ್ತದೆ, ಅಷ್ಟೆ. ನನಗೆ ಗೆಳೆಯ ನಂಜುಂಡಪ್ಪ ನೆನಪಾಗಿ ಮೈ ಜುಮ್ಮೆಂದಿತು.

ನಾವಿಬ್ಬರೂ ಚನ್ನಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ಒಟ್ಟಿಗೇ ಪಿಂಚಣಿಗೆ ಬಂದವರು. ಕೆಲಸವೇ ಇಲ್ಲದವರಿಗೆ ರಜ ಯಾತಕ್ಕೆ ಎಂದು ನನ್ನ ಹೆಂಡತಿ ನಗುತ್ತಿದ್ದಳು. ಆದರೂ ಬಗೆಬಗೆಯ ರಜದ ರುಚಿ ನೋಡಿದೆವು. ಯಾತ್ರೆಗೆ ಹೋದೆವು, ಮೆಟ್ಟಿಲು ಹತ್ತಿ ಮಂಡಿ ಹಿಡಿಯಿತು. ಕನಕಪುರದ ಅವನ ಮಗಳ ಮನೆಯಲ್ಲಿ ಉಳಿದೆವು. ನಾಲ್ಕನೆಯ ದಿನಕ್ಕೆ ಆ ಬೀದಿಯವರ ಅರ್ಜಿಗಳನ್ನೆಲ್ಲ ನಾವೇ ಬರೆಯುತ್ತಿದ್ದೆವು. ಕೊನೆಗೆ ಒಗ್ಗಿದ್ದು ಮಾಗಡಿಯ ಮುಸಾಫರಿ ಬಂಗಲೆ. ಕ್ಲೋಸ್‌ಪೇಟೆಯವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಜಗಲಿಯಲ್ಲಿ ಕೂತು ಸಾವನದುರ್ಗದ ಕಡೆ ನೋಡುವುದೇ ಉದ್ಯೋಗ. ಸ್ನಾನಕ್ಕೆ ಅವನಿಗೆ ಸುಡುಸುಡು ನೀರು ಬೇಕು, ನನಗೆ ತಣ್ಣೀರು ಬೆರೆಸಬೇಕು. ಅದಕ್ಕೇ ದಿನಾ ಒಂದು ಜಗಳ.

ಬಂಗಲೆಯ ಪುಸ್ತಕದಲ್ಲಿ ಬಂದ ತಾರೀಕು, ಹೊರಟ ತಾರೀಕು ಎರಡನ್ನೂ ಬರೆಯಬೇಕು. ಕೊನೆಯ ಸಲ ಹೊರಡುವಾಗ ನಾನು ಬರೆದೆ. ನಂಜುಂಡಪ್ಪ ಲೇಖನಿ ಮುಟ್ಟಲಿಲ್ಲ.

"ಹೊರಟೆ ಅಂತ ಬರೆದ್ರೆ ರಜ ಮುಗೀತು ಕಣಯ್ಯ. ಹಂಗೇ ಇರ್ಲಿ ಬುಡು" ಎಂದ.

ಅದೇ ತಿಂಗಳು ಊರಿನಲ್ಲಿ ಎರಡು ದಿನ ಜ್ವರ ಬಂದು ತೀರಿಕೊಂಡ.

ಮರುವರ್ಷ ಮನಸ್ಸು ತಡೆಯದೆ ಒಬ್ಬನೇ ಹೋದೆ. ಬಂಗಲೆ ನೋಡಿಕೊಳ್ಳುವ ಮೇಟಿ ಚಿಕ್ಕಯ್ಯ ನಮ್ಮ ಹಳೆಯ ಕೋಣೆ ಬಿಟ್ಟು ಪಕ್ಕದ್ದನ್ನು ತೆಗೆದುಕೊಟ್ಟ. ಯಾಕೆಂದು ಕೇಳಿದೆ.

"ಅದ್ರಲ್ಲಿ ನಂಜುಂಡಪ್ಪೋರು ಇನ್ನೂ ಅವ್ರೆ ಬುದ್ಧಿ. ದಿನಾ ಒಂದು ಹಂಡೆ ನೀರು ಕಾಯಿಸಿ ಮಡಗ್ತೀನಿ. ಖಾಲಿ ಆಯ್ತದೆ."

ನಂಜುಂಡಪ್ಪ ಸತ್ತು ವರ್ಷವಾಯಿತೆಂದು ಹೇಳಿದೆ. ಚಿಕ್ಕಯ್ಯನ ಮುಖ ಬಿಳಿಚಿಕೊಂಡಿತು. ಆದರೂ, ಪುಸ್ತಕದಲ್ಲಿ ಅವರು ಹೋಗಿಲ್ಲವಲ್ಲ ಎಂದು ಗೊಣಗಿದ. ದಾಖಲೆಯಲ್ಲಿಲ್ಲದ್ದು ನಡೆದೇ ಇಲ್ಲ ಎಂದು ಮೂವತ್ತು ವರ್ಷ ರೈತರನ್ನು ವಾಪಸು ಕಳಿಸಿದವನು ನಾನು. ಅವನನ್ನು ಯಾವ ಮುಖ ಹೊತ್ತು ಬೈಯಲಿ?

ಮರುದಿನ ಬೆಳಿಗ್ಗೆ ಆ ಕೋಣೆಯ ಬಚ್ಚಲನ್ನು ನಾನೇ ಇಣುಕಿ ನೋಡಿದೆ. ಕಲ್ಲು ಒದ್ದೆಯಾಗಿತ್ತು. ಗೋಡೆಯ ಮೇಲೆ ಹಬೆ, ಸೀಗೆಕಾಯಿಯ ವಾಸನೆ. ಹಿಂದೆ ಸರಿದು ಜಗಲಿಗೆ ಬಂದು ಕೂತೆ. ಚಿಕ್ಕಯ್ಯ ಪುಸ್ತಕವನ್ನೂ ಲೇಖನಿಯನ್ನೂ ತಂದು ಜಗಲಿಯ ಮೇಜಿನ ಮೇಲಿಟ್ಟ.

"ನಂಗೆ ಭಯ ಆಯ್ತದೆ ಬುದ್ಧಿ. ಅವ್ರು ಹೋದ್ರು ಅಂತ ನೀವೇ ಬರ್ದುಬುಡಿ."

ಲೇಖನಿಯನ್ನು ಮಸಿಯಲ್ಲಿ ಅದ್ದಿದೆ. ಒಳಗಿನಿಂದ ಕೆಮ್ಮು ಕೇಳಿಸಿತು. ಎರಡು ಸಲ ಕೆಮ್ಮಿ, ತಡೆದು, ಮತ್ತೊಂದು ಸಲ. ಮೂವತ್ತು ವರ್ಷ ಪಕ್ಕದ ಮೇಜಿನಿಂದ ಕೇಳಿದ ಕೆಮ್ಮು. ಒಂದು ಗೆರೆ ಬರೆದರೆ ಅವನು ಹೋಗಿಬಿಡುತ್ತಾನೆ. ಹೆದರಿಕೆಗಿಂತ ಆ ಸಂಕಟವೇ ದೊಡ್ಡದಾಯಿತು. ನನ್ನ ಕೈಯಿಂದ ಆಗಲಿಲ್ಲ. ಅವನಿಂದ ಯಾರಿಗೂ ಕೇಡಿಲ್ಲ, ನೀರು ಕಾಯಿಸಿ ಕೊಡುತ್ತಿರು ಎಂದು ಚಿಕ್ಕಯ್ಯನನ್ನು ಬೇಡಿಕೊಂಡೆ. ಹೊರಡುವ ದಿನ ನನ್ನ ತಾರೀಕನ್ನೂ ಬರೆಯದೆ ಗಾಡಿ ಹತ್ತಿದೆ.

ಇದಾಗಿ ಐದು ವರ್ಷವಾಯಿತು. ಮಂಡಿ ನೋವು ಹೆಚ್ಚಾಗಿ ಆಮೇಲೆ ನಾನು ಎಲ್ಲಿಗೂ ಹೋಗಿಲ್ಲ. ಇವತ್ತು ಆ ವಾಸನೆ ಮೂಗಿಗೆ ಹತ್ತಿದ ಹೊತ್ತಿನಲ್ಲೇ ಮಾಗಡಿಯ ಗಾಡಿಯವನೊಬ್ಬ ಬಾಗಿಲಿಗೆ ಬಂದ. ಚಿಕ್ಕಯ್ಯ ಹೇಳಿಕಳಿಸಿದ್ದನಂತೆ: ಯುಗಾದಿಯಿಂದೀಚೆಗೆ ಒಂದು ಹಂಡೆ ಸಾಲುತ್ತಿಲ್ಲ, ಎರಡು ಕಾಯಿಸುತ್ತಿದ್ದೇನೆ.

ಆ ಪುಸ್ತಕದಲ್ಲಿ ನಾನು ಹೊರಟ ತಾರೀಕೂ ಖಾಲಿಯೇ ಇದೆ. ಗಾಡಿಯವನಿಗೆ ಹೇಳಿದೆ:

"ಎರಡನೇ ಹಂಡೆಗೆ ಒಸಿ ತಣ್ಣೀರು ಬೆರೆಸಕ್ಕೆ ಹೇಳಪ್ಪ."