ಎಡಗೈ ಎತ್ತಿದಾಗ
ನಮ್ಮೂರ ವಾದ್ಯವೃಂದ ನಡೆಸುವ ಆರಿನ್ ಟಟ್ಲ್ ವರ್ಷವಿಡೀ ಶಾಂತ ಸ್ವಭಾವದ ಹಲ್ಲಿನ ಡಾಕ್ಟರು. ಜುಲೈ ನಾಲ್ಕು ಬಂತೆಂದರೆ ತಾವೇ ಹಲ್ಲು ಕಡಿಯುತ್ತಾರೆ. ಅಮೆರಿಕದ ಈ ಸ್ವಾತಂತ್ರ್ಯ ದಿನದ ಬೆಳಿಗ್ಗೆ ಊರವರು ರಾತ್ರಿಯ ಬಾಣಬಿರುಸು ನೋಡಲು ನದೀದಂಡೆಯ ಹುಲ್ಲಿನ ಮೇಲೆ ಕಂಬಳಿ ಹಾಸಿ ಜಾಗ ಹಿಡಿಯುವಾಗ, ಇವರು ಬಟ್ಟೆ ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡು, ನಮ್ಮ ಸ್ವರಹಾಳೆಗಳು ಗಾಳಿಗೆ ಹಾರದಂತೆ ಸಿಕ್ಕಿಸುತ್ತ ಓಡಾಡುತ್ತಾರೆ. ಮೋಡದ ಚೂರು ಕಂಡರೂ ಗದರಿಸುತ್ತಾರೆ. ಮುಂದಿನ ಸಾಲಿನಲ್ಲಿ ಪಿಟೀಲು ಹಿಡಿದು ಕೂರುವ ನನಗಂತೂ ಪ್ರತಿ ವರ್ಷ ಒಂದೇ ಬೈಗುಳ: "ಆಕಾಶ ನೋಡೋಕೆ ಊರೆಲ್ಲ ಬಂದಿದೆ ಕಣಮ್ಮಾ, ನೀನು ನನ್ನ ನೋಡು!" ಕತ್ತಲಾಗಿ ಕೊನೆಯ ಸಂಗೀತ ಶುರುವಾದರೆ ಅವರ ಕತ್ತಿನ ನರ ಹಗ್ಗದಂತೆ ಬಿಗಿಯುತ್ತದೆ. ನದಿಯ ನಡುವೆ ದೋಣಿಯಲ್ಲಿ ಅವರ ತಮ್ಮ ಹಾಲಿಸ್ ದುರ್ಬೀನು ಹಿಡಿದು, ಅಣ್ಣನ ಬಿಳಿ ಗವಸಿನ ಎಡಗೈ ಮೇಲೆದ್ದ ಕ್ಷಣ ತೋಪು ಹಾರಿಸಬೇಕು. ಬೇರೆ ಯಾರು ಹಾರಿಸಿದರೂ ಅರ್ಧ ತಾಳ ಹಿಂದೆಮುಂದೆ ಆಗುತ್ತದೆ. ಅಮ್ಮ ಸತ್ತಾಗ ಮನೆಗಾಗಿ ಕಿತ್ತಾಡಿದ ಮೇಲೆ ಅಣ್ಣತಮ್ಮಂದಿರಿಗೆ ಮಾತಿಲ್ಲ. ಈ ವಸಂತದಲ್ಲಿ ಹಾಲಿಸ್ ಎದೆನೋವಿನಿಂದ ಆಸ್ಪತ್ರೆ ಸೇರಿದ್ದಾನೆಂದು ನಾನು ಹೇಳಿದಾಗಲೂ, "ಅವನ ಸುದ್ದಿ ನನಗ್ಯಾಕೆ?" ಎಂದಿದ್ದರು. ಈ ಸಲವೂ ಎಡಗೈ ಮೇಲೆದ್ದಿತು. ದೋಣಿಯಲ್ಲಿ ಯಾರಿದ್ದಾರೆಂದು ಕತ್ತಲಲ್ಲಿ ಕಾಣದೆ, ಅವರ ಕಣ್ಣು ನಮ್ಮನ್ನು ಬಿಟ್ಟು ನದಿಯ ಕಡೆಗೇ ಹೋಯಿತು. ತೋಪು ಗುಡುಗಿತು, ಸರಿಯಾಗಿ ತಾಳದ ಮೇಲೆಯೇ. ಬಾಣಬಿರುಸು ಸಿಡಿದು ಊರೆಲ್ಲ ಹೋ ಎಂದು ಆಕಾಶ ನೋಡಿತು. ನಾನು, ಅವರು ಹೇಳಿದಂತೆ, ಅವರನ್ನೇ ನೋಡುತ್ತಿದ್ದೆ. ಎತ್ತಿದ ಕೈ ಇಳಿಸುವುದನ್ನೇ ಮರೆತು, ತುಟಿಯಲ್ಲೇ ಅಂದರು: "ಸದ್ಯ, ಅವನೇ."