ಡ್ರಾಯರಿನಲ್ಲಿದ್ದ ಹತ್ತು ತಿಂಗಳು

ಚಾರ್ಟರ್ಡ್ ಅಕೌಂಟೆಂಟ್ ಆಗಬೇಕಾದವರು ಪರೀಕ್ಷೆಗಳ ನಡುವೆ ಮೂರು ವರ್ಷ ಒಬ್ಬ ಆಡಿಟರ ಕೈಕೆಳಗೆ ಕೆಲಸ ಕಲಿಯಬೇಕು. ಆರ್ಟಿಕಲ್‌ಶಿಪ್ ಎನ್ನುತ್ತಾರೆ. ಅದಕ್ಕೊಂದು ಕರಾರು ಪತ್ರ, ಒಂದು ಅರ್ಜಿ. ಸೇರಿದ ಕೆಲವೇ ದಿನಗಳೊಳಗೆ ಆಡಿಟರು ಆ ಅರ್ಜಿಯನ್ನು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ಕಳಿಸಿ ನೋಂದಣಿ ಮಾಡಿಸಬೇಕು. ಕಳಿಸದಿದ್ದರೆ ನೀವು ಎಷ್ಟು ದಿನ ದುಡಿದರೂ ಆ ದಿನಗಳು ಎಣಿಕೆಗೆ ಬರುವುದಿಲ್ಲ. ನನಗೆ ಬೇಕಿದ್ದದ್ದು ಮೂರು ವರ್ಷ. ನಾನು ಮಾಡಿದ್ದು ಮೂರು ವರ್ಷ ಹತ್ತು ತಿಂಗಳು. ಆ ಹತ್ತು ತಿಂಗಳ ಬಗ್ಗೆ ನಾನು ಹೆಚ್ಚು ಜನರ ಹತ್ತಿರ ಮಾತಾಡಿದವಳಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಅದು ಇಳಿಯುವಂತೆ ಕಾಣುವುದಿಲ್ಲ, ಹಾಗಾಗಿ ಈಗಲೇ ಬರೆಯುತ್ತಿದ್ದೇನೆ.

ಬಿ.ಕಾಂ. ಮುಗಿಸಿ, ಅಂಚೆಯಲ್ಲಿ ಬರುತ್ತಿದ್ದ ದಪ್ಪ ಪುಸ್ತಕಗಳನ್ನು ಮನೆಯಲ್ಲೇ ಓದಿ, ಎರಡನೇ ಹಂತದ ಪರೀಕ್ಷೆಯನ್ನು ಮೊದಲ ಸಲವೇ ದಾಟಿದ್ದೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ನಮ್ಮ ಈ ಮೂರು ತಾಲೂಕುಗಳಲ್ಲಿ ಆರ್ಟಿಕಲ್‌ಶಿಪ್‌ಗೆ ತೆಗೆದುಕೊಳ್ಳುವ ಆಡಿಟರು ನನಗೆ ತಿಳಿದಂತೆ ಒಬ್ಬರೇ. ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿಯ ಮಹಡಿಯಲ್ಲಿ ಅವರ ಆಫೀಸು. ಗುರುವಾರ ಮಾತ್ರ ಶೃಂಗೇರಿಯಲ್ಲಿ ಕೂರುತ್ತಿದ್ದರು. ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಿ ಹಾಸ್ಟೆಲಿನಲ್ಲಿರಲು ನಮ್ಮ ಮನೆಯಲ್ಲಿ ಅನುಕೂಲವಿರಲಿಲ್ಲ. ನನ್ನ ಅಪ್ಪ ಎನ್.ಆರ್. ಪುರದ ತಾಲೂಕು ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುವವರು. ಕರಾರಿಗೆ ಸಹಿ ಹಾಕಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಕೊಪ್ಪಕ್ಕೆ ಬಂದರು. ಛಾಪಾ ಕಾಗದದ ಮೇಲೆ ಮೂವರೂ ಸಹಿ ಮಾಡಿದೆವು. ಅದು ಆಗಸ್ಟ್ ಒಂದು. ಆಡಿಟರು ಕಾಗದಗಳನ್ನೆಲ್ಲ ಜೋಡಿಸಿ, ನನ್ನ ಫೋಟೋಗೆ ಪಿನ್ ಹಾಕಿ, "ನಾ ಕಳಿಸ್ತೀನಿ, ನೀ ಕೆಲ್ಸ ಶುರು ಮಾಡು" ಎಂದರು.

ಶುರು ಮಾಡಿದೆ. ಬೆಳಿಗ್ಗೆ ಎನ್.ಆರ್. ಪುರದಿಂದ ಬಸ್ಸು, ಸಂಜೆ ಅದೇ ದಾರಿ. ಮೊದಲ ವಾರವೇ ಅವರು ನನಗೆ ಕಲಿಸಿದ್ದು ಒಂದೇ ಮಾತು: ಕಣ್ಣಾರೆ ನೋಡದ ಕಾಗದಕ್ಕೆ ಟಿಕ್ ಹಾಕಬಾರದು. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಹರಿಹರಪುರದ ಕಡೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಒಂದು ವೋಚರು ಸಿಗಲಿಲ್ಲವೆಂದು ಇಡೀ ಮಧ್ಯಾಹ್ನ ಕೂತು ಹುಡುಕಿಸಿದವಳು ನಾನು. ನನ್ನ ಅರ್ಜಿ ಹೋಯಿತೇ ಎಂದು ಮಾತ್ರ ಎರಡು ಸಲ ಬಾಯಲ್ಲಿ ಕೇಳಿ ಸುಮ್ಮನಾದೆ. "ಅಲ್ಲಿ ತಡ ಮಾರಾಯ್ತಿ, ಬರ್ತದೆ" ಎಂದರು. ಅಂಚೆ ರಶೀದಿ ತೋರಿಸಿ ಎಂದು ನಾನು ಕೇಳಲಿಲ್ಲ. ಕಲಿಸುವವರನ್ನು ರಶೀದಿ ಕೇಳುವುದು ಹೇಗೆಂದು ನನಗೆ ತಿಳಿದಿರಲಿಲ್ಲ.

ಫೆಬ್ರವರಿಯಲ್ಲಿ ಇನ್ನೊಬ್ಬ ಸೇರಿದ, ನನ್ನ ವಯಸ್ಸಿನವನೇ. ಒಳ್ಳೆಯವನು, ಬಾಯಿ ಜಾಸ್ತಿ. ಅವನು ಬಂದ ಎರಡನೇ ವಾರ ಇಬ್ಬರೂ ಕಮ್ಮರಡಿಯ ಸೊಸೈಟಿಯ ಆಡಿಟ್ಟಿಗೆ ಹೋದೆವು. ಅಲ್ಲಿನ ಕಾರ್ಯದರ್ಶಿ ನಮ್ಮ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿ, ಪುಸ್ತಕಗಳ ರಾಶಿಯನ್ನು ಅವನ ಮುಂದಿಟ್ಟರು. ನನಗೆ, "ಮೇಡಂ, ನೀವು ಆ ಫ್ಯಾನಿನ ಅಡಿಗೆ ಕೂತ್ಕಳಿ, ಸೆಕೆ" ಎಂದರು.

ಅವನು ರಾಶಿಯನ್ನು ನನ್ನ ಕಡೆಗೆ ತಳ್ಳಿದ. "ಅವರೇ ಸೀನಿಯರ್ ಮಾರಾಯ್ರೇ. ನಂಗಿನ್ನೂ ಟಿಕ್ ಹಾಕಕ್ಕೇ ಬರದಿಲ್ಲ."

"ಹೌದಾ! ಟಿಕ್ ಹಾಕಕ್ಕೂ ಸೀನಿಯಾರಿಟಿ ಉಂಟಾ?" ಎಂದು ಕಾರ್ಯದರ್ಶಿ ನಕ್ಕರು. ನಾವೂ ನಕ್ಕೆವು.

ಆ ಏಪ್ರಿಲ್‌ನಲ್ಲಿ ವ್ಯಾಟ್ ಬಂತು. ಹೊಸ ತೆರಿಗೆ, ಹೊಸ ನಮೂನೆಗಳು. ಕೊಪ್ಪದ ಕಬ್ಬಿಣದಂಗಡಿಯವರು, ದಿನಸಿಯವರು, ಶೃಂಗೇರಿಯ ಪಾತ್ರೆ ಅಂಗಡಿಯವರು ಎಲ್ಲರೂ ಗಾಬರಿಯಾಗಿ ಮಹಡಿ ಮೆಟ್ಟಿಲಲ್ಲಿ ಸಾಲು ನಿಂತರು. ಅವರೆಲ್ಲರ ಅರ್ಜಿ ತುಂಬಿದ್ದು ನಾನು. ಒಂದೂ ತಡವಾಗಲಿಲ್ಲ. ಈ ಮಾತನ್ನು ಹೆಮ್ಮೆಗೆ ಬರೆಯುತ್ತಿಲ್ಲ. ಆ ತಿಂಗಳುಗಳಲ್ಲಿ ಆ ಆಫೀಸಿನಲ್ಲಿ ತಡವಾಗಿದ್ದ ಅರ್ಜಿ ಒಂದೇ, ಮತ್ತು ಅದು ನಾನು ಕೂರುತ್ತಿದ್ದ ಜಾಗದಿಂದ ಐದು ಹೆಜ್ಜೆ ದೂರದಲ್ಲಿತ್ತು.

ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಟಪಾಲು ಬಿಡಿಸುತ್ತಿದ್ದೆ. ಸಂಸ್ಥೆಯಿಂದ ಒಂದು ಲಕೋಟೆ ಬಂದಿತ್ತು. ನನ್ನದೇ ಎಂದು ತೆರೆದೆ. ಫೆಬ್ರವರಿಯಲ್ಲಿ ಸೇರಿದವನ ನೋಂದಣಿ ಸಂಖ್ಯೆ ಅದರಲ್ಲಿತ್ತು. ಲಕೋಟೆಯೊಳಗೆ ಬೆರಳು ಹಾಕಿ ಇನ್ನೊಂದು ಕಾಗದವಿದೆಯೇ ಎಂದು ನೋಡಿದೆ. ಇರಲಿಲ್ಲ. ಪತ್ರ ಹಿಡಿದು ಆಡಿಟರ ಕೋಣೆಗೆ ಹೋದೆ.

"ಸಾರ್, ಅವನದ್ದು ಬಂತು. ನನ್ನದು?"

ಅವರು ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ. ಮೇಜಿನ ಕೆಳಗಿನ ಡ್ರಾಯರ್ ಎಳೆದು, ಹಳೆಯ ಪಂಚಾಂಗದ ಅಡಿಯಿಂದ ನನ್ನ ಅರ್ಜಿಯನ್ನು ತೆಗೆದು ಮೇಲಿಟ್ಟರು. ಪಿನ್ನಿಗೆ ತುಕ್ಕು ಹಿಡಿದು ಫೋಟೋದ ಮೂಲೆಯಲ್ಲಿ ಕಂದು ಕಲೆಯಾಗಿತ್ತು. "ಇಲ್ಲೇ ಇದೆ. ಎಲ್ಲೂ ಹೋಗಿಲ್ಲ."

"ಯಾಕೆ ಸಾರ್ ಕಳಿಸಿಲ್ಲ?"

"ಕೂತ್ಕ. ನೋಡು, ನಿಂಗೆ ಬೇಜಾರು ಮಾಡಕ್ಕಲ್ಲ. ಹಿಂದೆ ಒಂದು ಹುಡುಗಿ ಬಂದಿತ್ತು. ನಾಕು ತಿಂಗಳಿಗೆ ಲಗ್ನ ಆಗಿ ಗಂಡನ ಮನೆಗೆ ಹೋಯ್ತು. ಆ ರಿಜಿಸ್ಟ್ರೇಶನ್ ರದ್ದು ಮಾಡ್ಸಕ್ಕೆ ನಾ ಪಟ್ಟ ಪಾಡು ನಂಗೇ ಗೊತ್ತು. ಅವತ್ತಿಂದ, ಹುಡುಗೀರದ್ದಾದ್ರೆ ಒಂದು ಲಗ್ನದ ಸೀಸನ್ ಕಳೀಲಿ ಅಂತ ಇಟ್ಕಳದು. ವೈಶಾಖ ಮುಗೀತಾ ಬಂತಲ್ಲ, ಈ ವಾರ ಕಳ್ಸದು ಅಂತಲೇ ಇದ್ದೆ."

"ಅವನದ್ದು ಕಳಿಸಿದ್ರಲ್ಲ."

"ಅವ ಎಲ್ಲಿಗೆ ಹೋಗ್ತಾನೆ?"

ಅಂದರೆ ಮಾಘದಿಂದ ವೈಶಾಖದವರೆಗೆ, ನಾನು ದಿನವೂ ಎರಡು ತಾಸು ಬಸ್ಸಿನಲ್ಲಿ ಕೂತು ಬಂದು ಹೋಗುತ್ತಿದ್ದಾಗ, ನನ್ನ ಕೊರಳಿಗೆ ತಾಳಿ ಬೀಳುತ್ತದೆಯೋ ಇಲ್ಲವೋ ಎಂದು ಈ ಮನುಷ್ಯ ಕಾದು ನೋಡುತ್ತಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಆ ಡ್ರಾಯರನ್ನು ಅಂದೇ ತೆರೆಸಬಹುದಿತ್ತು. ಇದು ಮರೆವಲ್ಲ, ಮರೆವಾಗಿದ್ದರೆ ಕ್ಷಮಿಸುವುದು ಸುಲಭವಿತ್ತು. ಇದು ಅವರ ಪದ್ಧತಿ. ಜಾಣತನವೆಂದೇ ಅವರು ನಂಬಿದ್ದರು.

ಹೊರಗೆ ಬಂದಾಗ ಆ ಹುಡುಗ ಬಾಗಿಲ ಹತ್ತಿರವೇ ನಿಂತಿದ್ದ. ಅವನ ಪತ್ರ ಅವನ ಕೈಗೆ ಕೊಟ್ಟೆ. "ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ."

"ಗೊತ್ತಿದ್ರೆ ಎಂತ ಮಾಡ್ತಿದ್ದೆ?" ಎಂದೆ. ಅವನು ಪತ್ರ ಹಿಡಿದು ತನ್ನ ಜಾಗಕ್ಕೆ ಹೋಗಿ ಕೂತ. ಅದಕ್ಕೆ ಅವನ ಮೇಲೆ ಸಿಟ್ಟಿಲ್ಲ, ಸುಳ್ಳಂತೂ ಹೇಳಲಿಲ್ಲ.

ಒಂದು ದಾರಿಯಿತ್ತು. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿ, ಆಡಿಟರೂ ಅದನ್ನು ದೃಢಪಡಿಸಿ ಬರೆದರೆ, ಹಿಂದಿನ ದಿನಗಳನ್ನು ಸಂಸ್ಥೆ ಪರಿಗಣಿಸಬಹುದು. ಮಧ್ಯಾಹ್ನದ ಹೊತ್ತಿಗೆ ಆಡಿಟರೇ ಪತ್ರ ಸಿದ್ಧಮಾಡಿ ನನ್ನ ಮುಂದಿಟ್ಟರು. ಇಂಗ್ಲಿಷಿನಲ್ಲಿ, ಬಹಳ ಅಚ್ಚುಕಟ್ಟಾಗಿ ಬರೆದಿದ್ದರು. ಬರೆದದ್ದು ನನ್ನ ಹೆಸರಿನಲ್ಲಿ: ಮನೆಯಲ್ಲಿ ಮದುವೆಯ ಮಾತುಕತೆ ನಡೆಯುತ್ತಿದ್ದುದರಿಂದ ಮುಂದುವರಿಯುವ ಬಗ್ಗೆ ನಾನು ನಿರ್ಧರಿಸಿರಲಿಲ್ಲ, ಆದ್ದರಿಂದ ದಾಖಲೆ ಒದಗಿಸಲು ತಡಮಾಡಿದೆ, ಕ್ಷಮಿಸಬೇಕು.

ನಮ್ಮ ಮನೆಯಲ್ಲಿ ಯಾರೂ ನನ್ನ ಜಾತಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೂ ಇರಲಿಲ್ಲ.

"ಇದು ನಿಜ ಅಲ್ಲ ಸಾರ್."

"ಒಂದು ಸೈನು. ಹತ್ತು ತಿಂಗಳು ಉಳೀತದೆ ನಿಂಗೆ. ಯಾರು ಬಂದು ನೋಡ್ತಾರೆ ಮಾರಾಯ್ತಿ?"

ಪತ್ರವನ್ನು ಚೀಲಕ್ಕೆ ಹಾಕಿಕೊಂಡು, ಅನುಮತಿ ಕೇಳದೆ, ಮೂರು ಗಂಟೆಯ ಬಸ್ಸಿಗೆ ಹೊರಟುಬಿಟ್ಟೆ.

ಅಪ್ಪ ತಾಲೂಕು ಕಚೇರಿಯ ಎದುರೇ ಇದ್ದರು. ಯಾರದ್ದೋ ಖಾತೆ ಬದಲಾವಣೆಯ ಅರ್ಜಿ ಮುಗಿಸಿ, ನನ್ನ ಮುಖ ನೋಡಿ, ಕೈ ಚಾಚಿದರು. ಪತ್ರ ಓದಿದರು. ನಾನು ನಡೆದದ್ದನ್ನು ಹೇಳಿದೆ. ಅಪ್ಪ ಸಿಟ್ಟಾಗುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಸೈನ್ ಹಾಕಿ ಕೊಡು ಮಗಾ. ಅವರ ಕೈಕೆಳಗೇ ಇರಬೇಕಲ್ಲ ಇನ್ನೂ."

"ಸುಳ್ಳು ಅಪ್ಪ ಅದು."

"ಅರ್ಜಿ ಅಂದ್ರೆ ಹಂಗೇ. ಇಲ್ಲಿ ಕೂತು ಎಷ್ಟು ಸುಳ್ಳು ಟೈಪ್ ಮಾಡಿಲ್ಲ ನಾನು?"

"ಸೈನು ಯಾರು ಹಾಕ್ತಿದ್ರು?"

ಪಕ್ಕದಲ್ಲಿ ಛಾಪಾ ಕಾಗದ ಮಾರುವವರು ಕೇಳಿಸಿಕೊಳ್ಳದವರಂತೆ ಅತ್ತ ತಿರುಗಿ ಕೂತರು. "ಸೈನು ಅವರವರದ್ದೇ" ಎಂದರು ಅಪ್ಪ. "ನಾನು ಒಂದಕ್ಕೂ ಹಾಕಿಲ್ಲ."

ಆಮೇಲೆ ಹೊಸ ಹಾಳೆ ಎರಡು, ನಡುವೆ ಕಾರ್ಬನ್ ಇಟ್ಟು ಯಂತ್ರಕ್ಕೆ ಸುತ್ತಿದರು. "ಹೇಳು. ಬೈಗಳ ಬೇಡ. ಮೊದ್ಲು ತಾರೀಕು ಹೇಳು."

ನಾನು ಹೇಳುತ್ತ ಹೋದೆ, ಅವರು ಟೈಪ್ ಮಾಡುತ್ತ ಹೋದರು. ಸೇರಿದ ದಿನ, ಸಹಿ ಮಾಡಿದ ದಿನ, ಕೇಳಿದ ದಿನಗಳು, ಅರ್ಜಿ ಸಿಕ್ಕಿದ ದಿನ, ಸಿಕ್ಕಿದ ಜಾಗ, ಕಳಿಸದಿದ್ದದ್ದಕ್ಕೆ ಆಡಿಟರು ಕೊಟ್ಟ ಕಾರಣ. ಒಂದೂವರೆ ಪುಟ. ಮರುದಿನ ಬೆಳಿಗ್ಗೆ ಒಂದು ಪ್ರತಿಯನ್ನು ಸಂಸ್ಥೆಗೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿದೆ. ಇನ್ನೊಂದನ್ನು ಆಡಿಟರ ಮೇಜಿನ ಮೇಲಿಟ್ಟು, "ಇದು ಸರಿ ಅಂತ ನೀವು ಒಂದು ಸಾಲು ಬರೆದುಕೊಟ್ಟರೆ ಸಾಕು ಸಾರ್" ಎಂದೆ.

ಅವರು ಎರಡು ಸಲ ಓದಿದರು. "ನಂಗೇ ನೋಟೀಸಾ?" ಎಂದರು. ಆ ಒಂದು ಸಾಲನ್ನು ಬರೆಯಲಿಲ್ಲ. ನನ್ನ ಮೂಲ ಅರ್ಜಿಯನ್ನು ಮಾತ್ರ ಅಂದೇ ಕಳಿಸಿದರು.

ಉತ್ತರ ಬರುವಷ್ಟರಲ್ಲಿ ಗದ್ದೆಗಳ ನಟ್ಟಿ ಮುಗಿದಿತ್ತು. ಬಂದದ್ದು ಎರಡೇ ವಾಕ್ಯ. ತರಬೇತಿ ನೀಡುವವರ ದೃಢೀಕರಣವಿಲ್ಲದ ಕಾರಣ ಹಿಂದಿನ ಅವಧಿಯನ್ನು ಪರಿಗಣಿಸಲಾಗದು. ಜೂನ್ ಒಂದರಿಂದ ಎಣಿಸಲಾಗುವುದು.

ಬಿಟ್ಟು ಬೇರೆ ಕಡೆ ಹೋಗಬೇಕೆಂದರೂ ವರ್ಗಾವಣೆಗೆ ಅವರದೇ ಸಹಿ ಬೇಕು. ಹೋಗಲು ಜಾಗವೂ ಇರಲಿಲ್ಲ. ಹಾಗಾಗಿ ಮೂರು ವರ್ಷ ಅದೇ ಆಫೀಸಿನಲ್ಲಿ, ಅದೇ ಡ್ರಾಯರಿನಿಂದ ಐದು ಹೆಜ್ಜೆ ದೂರದಲ್ಲಿ ಕೂತೆ. ಫೈಲಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅವರು ನನಗೆ ಕೆಲಸ ಕಲಿಸುವುದನ್ನು ನಿಲ್ಲಿಸಲಿಲ್ಲ, ಚೆನ್ನಾಗಿಯೇ ಕಲಿಸಿದರು. ಸಿಟ್ಟನ್ನು ಇಟ್ಟುಕೊಳ್ಳುವುದು ಇದರಿಂದ ಇನ್ನೂ ಕಷ್ಟವಾಯಿತು, ಆದರೆ ನಾನು ಇಟ್ಟುಕೊಂಡೆ. ನನ್ನ ನಂತರ ಬಂದವನು ನನಗಿಂತ ಮೊದಲು ಅಂತಿಮ ಪರೀಕ್ಷೆಗೆ ಕೂತ. ಅವನ ಹಾಲ್ ಟಿಕೆಟ್ ಬಂದ ಟಪಾಲನ್ನೂ ನಾನೇ ಬಿಡಿಸಿದೆ. ಊರಿನಲ್ಲಿ ಕೇಳುವವರು ಕೇಳುತ್ತಲೇ ಇದ್ದರು: "ಅವಂದು ಮುಗೀತಂತಲ್ಲ, ನಿಂದು ಎಂತಕ್ಕೆ ಇನ್ನೂ?" ನಾನು ಫೇಲಾಗಿದ್ದೇನೆ ಎಂದೇ ಅವರೆಲ್ಲ ತಿಳಿದಿದ್ದರು. ಪ್ರತಿಯೊಬ್ಬರಿಗೂ ಡ್ರಾಯರಿನ ಕಥೆ ಹೇಳುವುದು ನನ್ನ ಸ್ವಭಾವವಲ್ಲ. "ಇದೆ ಇನ್ನೂ" ಎಂದು ಬಸ್ಸು ಹತ್ತುತ್ತಿದ್ದೆ.

ಅವಧಿ ಮುಗಿಯಿತು. ಅಂತಿಮ ಪರೀಕ್ಷೆಯ ಒಂದು ಗುಂಪಿನ ವಿಷಯಗಳು ಮೊದಲ ಸಲಕ್ಕೆ, ಇನ್ನೊಂದು ಗುಂಪಿನವು ಎರಡನೇ ಸಲಕ್ಕೆ ಆದವು. ಸದಸ್ಯತ್ವದ ಪತ್ರ, ಸಂಖ್ಯೆ, ಸ್ವಂತ ಹೆಸರಿನಲ್ಲಿ ಸಹಿ ಹಾಕುವ ಅಧಿಕಾರ, ಎಲ್ಲ ಬಂತು. ಆಗ ಆಡಿಟರೇ ಮನೆಗೆ ಫೋನ್ ಮಾಡಿದರು. ಶೃಂಗೇರಿಯಲ್ಲಿ ಒಂದು ಗುರುವಾರ ಗಿರಾಕಿಗಳನ್ನೆಲ್ಲ ಕರೆದು ಸಣ್ಣ ಸನ್ಮಾನ ಇಟ್ಟುಕೊಂಡಿದ್ದಾರಂತೆ. ನಾನು ಒಲ್ಲೆ ಎಂದೆ. ಅಪ್ಪ, "ಹೋಗಿ ಬಾ, ಕರೆದಿದ್ದಾರೆ" ಎಂದರು.

ಶಾಲು ಹೊದೆಸಿದರು, ಹಣ್ಣಿನ ತಟ್ಟೆ ಕೊಟ್ಟರು. ಆಡಿಟರು ಎದ್ದು ನಿಂತು ಹೇಳಿದರು: "ಈ ಕಡೆಯ ಹೆಣ್ಣುಮಗು. ಎಷ್ಟೋ ಜನ ಅರ್ಧಕ್ಕೆ ಬಿಟ್ಟು ಹೋಗ್ತಾರೆ. ಇವಳು ಮೂರು ವರ್ಷ ನಮ್ಮಲ್ಲಿದ್ದು, ನಾನೇ ತಿದ್ದಿ ತಯಾರು ಮಾಡಿದ್ದು."

"ಮೂರು ವರ್ಷ ಹತ್ತು ತಿಂಗಳು ಸಾರ್" ಎಂದೆ.

ಎಲ್ಲರೂ ನಕ್ಕರು. ಮುಂದಿನ ಸಾಲಿನ ಪಾತ್ರೆ ಅಂಗಡಿಯವರು, "ಆಡಿಟರ್ ಅಂದ್ರೆ ಹಿಂಗಿರ್ಬೇಕು ನೋಡಿ, ತಿಂಗಳೂ ಬಿಡದಿಲ್ಲ!" ಎಂದು ಚಪ್ಪಾಳೆ ತಟ್ಟಿದರು. ಆಡಿಟರೂ ನಕ್ಕರು. ಆ ನಗು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ಹತ್ತು ತಿಂಗಳು ನನ್ನ ಅರ್ಜಿ ಇವರ ಡ್ರಾಯರಲ್ಲಿತ್ತು. ನನಗೆ ಮದುವೆ ಆಗ್ತದಾ ಅಂತ ಕಾಯ್ತಿದ್ರು. ತಡ ನಾನೇ ಮಾಡಿದ್ದು ಅಂತ ಬರೆದುಕೊಡು ಅಂದ್ರು. ನಾನು ಕೊಡ್ಲಿಲ್ಲ."

ನನ್ನ ದನಿ ಏರಿರಲಿಲ್ಲ. ಯಾರೋ ಕುರ್ಚಿ ಸರಿಸಿದರು. ಆಡಿಟರು ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟು, "ಅದೆಲ್ಲ ಎಂತಕ್ಕೆ ಈಗ? ಪಾಸಾದೆಯಲ್ಲ" ಎಂದರು.

"ಹೌದಲ್ಲ, ಪಾಸಾಯ್ತಲ್ಲ" ಎಂದು ಇಬ್ಬರು ಮೂವರು ದನಿಗೂಡಿಸಿದರು. ಪಾತ್ರೆ ಅಂಗಡಿಯವರು ನೆಲ ನೋಡುತ್ತಿದ್ದರು. ಒಳಗಿನಿಂದ ಯಾರೋ ಎಲೆ ಹಾಕಿದೆ, ಬನ್ನಿ ಎಂದು ಕರೆದರು. ಆಡಿಟರು ನನ್ನ ಕಡೆ ತಿರುಗಿ, ಮೆಲ್ಲಗೆ, "ಬಾ, ಊಟ ಮಾಡು ಮೊದ್ಲು" ಎಂದರು. ಅದರಲ್ಲಿ ಕೋಪವಿರಲಿಲ್ಲ. ತಪ್ಪು ಒಪ್ಪಿಕೊಂಡದ್ದೂ ಇರಲಿಲ್ಲ.

ನಾನು ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟೆ. "ಇಲ್ಲ ಸಾರ್, ನಾನು ಬರ್ತೀನಿ." ಕರೆದಲ್ಲಿ ಎಲೆ ಹಾಕಿದ ಮೇಲೆ ಉಣ್ಣದೆ ಏಳುವುದು ಎಂಥ ಅವಮಾನವೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಡಿಟರಿಗೂ ಹೇಳಬೇಕಾಗಲಿಲ್ಲ; ಮೊದಲ ಸಲ ಅವರ ಮುಖ ಕೆಂಪಾದದ್ದನ್ನು ಕಂಡೆ. ಕೊಪ್ಪದ ಬಸ್ಸು ಹೊರಡಲು ಇನ್ನೂ ಅರ್ಧ ಗಂಟೆಯಿತ್ತು. ಹಸಿವಾಗಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ನನ್ನ ದುಡ್ಡು ಕೊಟ್ಟು ಹೊರಟೆ.