ತಂಪಿಗೆಂದು ಕಾಲುವೆಗಿಳಿದದ್ದು

ಮದುವೆಯಾಗಿ ನಾಲ್ಕು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಮದ್ದೆಲ್ಲ ನನ್ನ ಹೊಟ್ಟೆಗೇ ಬೀಳುತ್ತಿತ್ತು. ಅತ್ತೆ ಕುಷ್ಟಗಿಯ ತವರಿನಿಂದ ದಾಳಿಂಬೆ ತರಿಸುತ್ತಿದ್ದರು, ಅಂಟಿನುಂಡೆ ಕಟ್ಟುತ್ತಿದ್ದರು, ಹಾಲಿಗೆ ಅಶ್ವಗಂಧ ಕದಡುತ್ತಿದ್ದರು. ನಾನು ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು; ಕಪ್ಪೆಯ ಸಂತಾನೋತ್ಪತ್ತಿಯ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆದರೂ ಗಂಡನಿಗೂ ಪರೀಕ್ಷೆ ಆಗಬೇಕು ಎಂದು ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಉಂಡೆ ತಿಂದು ತೂಕ ಮಾತ್ರ ಏರಿತು.

ಕೊನೆಗೆ ಆ ಮಾತು ಹೇಳಿದ್ದು ಕೊಪ್ಪಳದ ಡಾಕ್ಟರಮ್ಮ. ನನ್ನಲ್ಲಿ ಏನೂ ತೊಂದರೆಯಿಲ್ಲವೆಂದು ಕಂಡು ಇವರಿಗೆ ಪರೀಕ್ಷೆ ಮಾಡಿಸಿದರು. ವೀರ್ಯಾಣುಗಳು ಕಡಿಮೆ ಇವೆ ಎಂದು ತಿಳಿಯಿತು.

"ಏನ್ ಕೆಲಸ ಮಾಡ್ತೀರಿ?"

"ಗಿಣಿಗೇರಾದಾಗ, ಕಬ್ಬಿಣದ ಫ್ಯಾಕ್ಟರ್ಯಾಗರಿ. ಕುಲುಮಿ ಮುಂದ."

"ಗುಟ್ಕಾ?"

ಇವರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

"ಅಂದ್ರ ತಿಂತೀರಿ," ಎಂದು ಡಾಕ್ಟರಮ್ಮ ನಕ್ಕರು.

ಔಷಧಿಗೆ ಮೊದಲು ಇಷ್ಟು ಮಾಡಿ ನೋಡೋಣ ಎಂದರು. ಬೆಂಕಿಯಿಂದ ದೂರದ ಕೆಲಸ ಕೇಳಿ, ಗುಟ್ಕಾ ಬಿಡಿ, ರಾತ್ರಿ ನಿದ್ದೆ ಮಾಡಿ, ಬಿಗಿ ಪ್ಯಾಂಟು ಬೇಡ, ಸುಡುನೀರಿನ ಸ್ನಾನವೂ ಬೇಡ. ಸೊಪ್ಪು, ಕಾಳು, ಹಣ್ಣು ಇಬ್ಬರೂ ತಿನ್ನಿ. ತಿಂಗಳ ಯಾವ ದಿನಗಳಲ್ಲಿ ಕೂಡಿದರೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು ಎಂಬುದನ್ನೂ ನನಗೆ ಬಿಡಿಸಿ ಹೇಳಿದರು. "ಇವತ್ತು ಬಿಟ್ರ ನಾಳಿಗೆ ಆಗೂದಲ್ಲರಿ. ಮೂರು ತಿಂಗಳರ ತಡಕೋರಿ. ಆಮ್ಯಾಲ ಮತ್ತ ಪರೀಕ್ಷೆ ಮಾಡಿ ನೋಡೋಣು."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ವಿಷಯ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾರ ಇಷ್ಟು ದಿನ ನಾ ಬ್ಯಾರೆ ಗಿಡಕ್ಕ ನೀರು ಹಾಕೀನಿ ಬಿಡವಾ!"

ಬಸ್‌ಸ್ಟ್ಯಾಂಡಿನವರೆಗೂ ನಾವಿಬ್ಬರು ನಗುತ್ತ ಬಂದೆವು. ಇವರು ಪರಿಚಯವೇ ಇಲ್ಲದವರ ಹಾಗೆ ಮುಂದೆ ಮುಂದೆ ನಡೆದರು.

ಫ್ಯಾಕ್ಟರಿಯಲ್ಲಿ ಇವರಿಗೆ ಲಾರಿ ತೂಗುವ ಕಾಟಾದ ಕೆಲಸ ಸಿಕ್ಕಿತು, ಹಗಲು ಪಾಳಿ. "ಬಸುರಿ ನೀನೋ, ನಿನ್ನ ಹೆಣ್ತಿನೋ?" ಎಂದು ಗೆಳೆಯರು ಕಾಡಿದರು. "ಮೊದಲು ನಾ ಆಕ್ಕೀನಿ, ಆಮ್ಯಾಲ ಆಕಿ," ಎಂದು ಇವರು ಹೇಳಿ ಬಂದರಂತೆ. ಮನೆಯಲ್ಲಿ ಅತ್ತೆ ಮಗನ ಉಷ್ಣ ಇಳಿಸಲು ಟೊಂಕ ಕಟ್ಟಿ ನಿಂತರು. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮಜ್ಜಿಗೆ, ಸಂಜೆ ನೆತ್ತಿಗೆ ಹರಳೆಣ್ಣೆ. ಅಷ್ಟಕ್ಕೂ ಸಮಾಧಾನವಾಗದೆ, "ಕಾಲುವಿಗೆ ಹೋಗಿ ಸೊಂಟಮಟ ನೀರಾಗ ಕುಂತು ಬಾ. ಬಕೀಟಿನ ನೀರಿಗೆ ಒಳಗಿನ ಉಷ್ಣ ಇಳೀತೈತೇನು?" ಎಂದರು.

ನಾವಿರುವುದು ಮುನಿರಾಬಾದಿನಲ್ಲಿ. ಕಾಲುವೆ ಕೂಗಳತೆಯ ದೂರ.

"ಡಾಕ್ಟರು ಹಂಗ ಹೇಳಿಲ್ಲರೀ ಅತ್ತಿ," ಎಂದೆ. ಆದರೆ ಇವರಿಗೆ ಹರಿಯುವ ನೀರು ಹಿತವೆನಿಸಿತ್ತು. ನಿಜ ಹೇಳಬೇಕೆಂದರೆ ನನಗೂ. ಈಜು ಬಾರದ ಇವರು ಕೆಳಗಿನ ಮೆಟ್ಟಿಲಲ್ಲಿ ಕೂರುತ್ತಿದ್ದರು, ನಾನು ಟವೆಲು ಹಿಡಿದು ಮೇಲೆ. ಇವರು ಕುಲುಮೆಯ ಮುಂದೆ ರಾತ್ರಿ ಪಾಳಿ ಮಾಡುತ್ತಿದ್ದ ವರ್ಷಗಳಲ್ಲಿ ನಮಗೆ ಒಟ್ಟಿಗೆ ಒಂದು ಮುಂಜಾನೆಯೂ ಸಿಕ್ಕಿರಲಿಲ್ಲ. ಈಗ ದಿನಾ ಸಿಗುತ್ತಿತ್ತು.

ಒಂದು ದಿನ ನೀರು ತುಸು ಏರಿತ್ತು. ಇವರು ಎದ್ದು ನನ್ನ ಕಡೆ ತಿರುಗಿ ಏನೋ ಹೇಳಹೊರಟರು, ಪಾಚಿಯ ಮೇಲೆ ಕಾಲು ಜಾರಿತು. ಸದ್ದೇ ಆಗಲಿಲ್ಲ. ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿನ ಕಿಟಕಿಯಲ್ಲಿ ಕೂತಾಗ, ಅದನ್ನೇ ಮತ್ತೆ ಕಾಣುತ್ತೇನೆ: ಮೆಟ್ಟಿಲು ಇದೆ, ನೀರು ಇದೆ, ಮನುಷ್ಯನಿಲ್ಲ. ಟವೆಲು ಎಸೆಯಬಹುದಿತ್ತಲ್ಲ ಎಂದು ಈಗ ಹೊಳೆಯುತ್ತದೆ. ಆಗ ಅದನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಕೂಗಿದೆನಂತೆ, ನನಗೆ ನೆನಪಿಲ್ಲ.

ಹರಿವಿನ ಕೆಳಗಡೆ ಇಬ್ಬರು ಹೆಂಗಸರು ಹೊದೆಯುವ ಕೌದಿ ಜಾಲಾಡುತ್ತಿದ್ದರು. ಒಂದೊಂದು ತುದಿ ಹಿಡಿದು, ಅಷ್ಟಗಲ ಕೌದಿಯನ್ನು ಹರಿವಿಗೆ ಬಿಟ್ಟಿದ್ದರು. ಇವರು ಹೋಗಿ ಅದರೊಳಗೇ ಸಿಕ್ಕಿಕೊಂಡರು.

"ಅಕ್ಕಾ, ಎಮ್ಮಿ ಬಂತು ನೋಡ!"

"ಎಮ್ಮಿ ಅಲ್ಲಬೇ, ಗಂಡಸು! ಎಳಿ, ಎಳಿ! ಗಟ್ಟಿ ಹಿಡಿಯೋ ಯಪ್ಪಾ, ಬಿಡಬ್ಯಾಡ!"

ದಂಡೆಗೆ ಬಂದು ಇವರು ಕೆಮ್ಮಿ ಕೆಮ್ಮಿ ಕೂತ ಮೇಲೆ ಹಿರಿಯಾಕೆ ಕೇಳಿದಳು. "ಈಜು ಬರ್ತೈತೇನು?"

"ಇಲ್ಲರಿ."

"ಮತ್ತ ಯಾಕ ಇಳಿದಿ?"

ಇವರು ನನ್ನ ಮುಖ ನೋಡಿದರು. "ತಂಪಿಗರಿ," ಎಂದೆ ನಾನು, ಅಳುತ್ತಲೇ.

"ತಂಪಿಗೇನು! ಇನ್ನಷ್ಟು ದೂರ ಹೋಗಿದ್ರ ಖಾಯಂ ತಂಪಾಗತಿದ್ದ!"

ಮನೆಯಲ್ಲಿ ಅತ್ತೆ ಮಗನ ತಲೆಯನ್ನು ಸೆರಗಿನಿಂದ ಒರೆಸಿದರು, ಒಣಗಿದ ಮೇಲೂ ಒರೆಸುತ್ತಲೇ ಇದ್ದರು. "ಮೊಮ್ಮಕ್ಕಳಾಗ್ಲಿ ಬಿಡ್ಲಿ. ನೀವಿಬ್ರು ಇರ್ರಿ, ನನಗ ಅಷ್ಟ ಸಾಕು."

ಅಂದಿನಿಂದ ಅಂಗಳದ ಬಕೀಟಿನ ನೀರೇ ಗಂಗೆಯಾಯಿತು. ಮಿಕ್ಕಿದ್ದೆಲ್ಲ ಮುಂದುವರಿಯಿತು, ಆದರೆ ತಿಂಗಳ ಕೊನೆಗೆ ನನ್ನ ಮುಖ ನೋಡಿ ಲೆಕ್ಕ ಹಾಕುವವರು ಯಾರೂ ಇರಲಿಲ್ಲ. ಇವರು ಬಾಯಿ ಚಟಕ್ಕೆ ಸೋಂಪು ಅಗಿಯುತ್ತ ಸಂಜೆಗೇ ಮನೆಗೆ ಬರುತ್ತಿದ್ದರು, ಮೆಂತ್ಯೆ ಸೊಪ್ಪು ಬಿಡಿಸಿಕೊಡುತ್ತಿದ್ದರು, ಒಂಬತ್ತಕ್ಕೆಲ್ಲ ಗೊರಕೆ. ಹಿಂಗಾರಿ ಜೋಳ ಹಾಲುಗಾಳಾದ ಹೊತ್ತಿಗೆ ನನಗೆ ಮುಟ್ಟು ನಿಂತಿತು.

ಯಾವುದು ಫಲ ಕೊಟ್ಟಿತು ಎಂದು ಡಾಕ್ಟರಮ್ಮನನ್ನು ಕೇಳಿದೆ. "ಇದರಿಂದನ ಆತು ಅಂತ ಹೆಂಗ ಹೇಳ್ಲಿ? ಆತಲ್ಲರಿ, ಖುಷಿ ಪಡ್ರಿ," ಎಂದರು. ಅತ್ತೆ ಮಾತ್ರ ಅಂಬಲಿಯಿಂದಲೇ ಎಂದು ಓಣಿಯಲ್ಲೆಲ್ಲ ಸಾರಿದ್ದಾರೆ. ಈಗ ಎರಡು ಮನೆಯ ಗಂಡಸರು ಮುಖ ಕಿವುಚಿಕೊಂಡು ಕುಡಿಯುತ್ತಿದ್ದಾರೆ.

ಮಗಳಿಗೆ ಈಗ ವರ್ಷ ತುಂಬಿದೆ. ಬಿಸಿಲಿಗೆ ಅಂಗಳದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿದರೆ ಎರಡೂ ಕೈಯಿಂದ ನೀರು ಬಡಿದು ಅಜ್ಜಿಯನ್ನು ತೋಯಿಸಿ ಕೇಕೆ ಹಾಕುತ್ತಾಳೆ. ನಾನು ಅವಳ ರಟ್ಟೆ ಹಿಡಿದೇ ಇರುತ್ತೇನೆ.

"ಬಿಡ ಮಾರಾಯ್ತಿ, ಗೇಣುದ್ದ ನೀರು ಐತಿ," ಎನ್ನುತ್ತಾರೆ ಇವರು.

ಗೊತ್ತು. ಆದರೂ ಬಿಡುವುದಿಲ್ಲ. ಅವಳೇ ಹೊಸ ಹಲ್ಲಿನಿಂದ ನನ್ನ ಬೆರಳು ಕಚ್ಚಿ ಬಿಡಿಸಿಕೊಳ್ಳುತ್ತಾಳೆ.